ನಿನ್ನೆ ಕಳಿಸಿದ್ದೇವೆ: ಇಂಗ್ಲಿಷಿನ ಹ್ಯಾವ್ ಎಲ್ಲಿ ಹಾಕಬೇಕು ಅಂತ ನಾನು ಕಲಿತದ್ದು

ಹುಬ್ಬಳ್ಳಿಯ ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ದಿನಾ ಇಪ್ಪತ್ತು ಮೂವತ್ತು ಇಮೇಲ್ ಬರೆಯಬೇಕು, ಎಲ್ಲ ಇಂಗ್ಲಿಷಿನಲ್ಲೇ, ಮತ್ತು ಎಲ್ಲದರಲ್ಲೂ ಅದೇ ಮಾತು: ಮಾಲು ಹೋಯಿತಾ, ಮುಟ್ಟಿತಾ, ದುಡ್ಡು ಬಂತಾ, ಯಾವಾಗ.

ವರ್ಷಗಟ್ಟಲೆ 'ವಿ ಹ್ಯಾವ್ ಡಿಸ್ಪ್ಯಾಚ್ಡ್ ದ ಮಟೀರಿಯಲ್ ಆನ್ ಮಂಡೇ' ಅಂತಲೇ ಬರೆದೆ. ಯಾರೂ ತಪ್ಪು ಅನ್ನಲಿಲ್ಲ, ಅರ್ಥ ಆಗುತ್ತದಲ್ವಾ. ಪೆಟ್ಟು ಬಿದ್ದದ್ದು ಬೇರೆ ಕಡೆ. ಒಬ್ಬ ಗಿರಾಕಿಗೆ 'ವಿ ಡಿಡ್ ನಾಟ್ ರಿಸೀವ್ ದ ಪೇಮೆಂಟ್' ಅಂತ ಬರೆದುಬಿಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು 'ಇನ್ನೂ ಬಂದಿಲ್ಲ, ಕಳಿಸಿ' ಅಂತ. ಅವರಿಗೆ ಅದು ಯಾವುದೋ ಮುಗಿದುಹೋದ ಹಳೆ ಬಿಲ್ಲಿನ ತಕರಾರು ಅನ್ನಿಸಿತು. ಯಾವ ಪೇಮೆಂಟು, ಯಾವಾಗಿನದು ಅಂತ ತಿರುಗಿ ಕೇಳಿದರು, ಹಳೆ ಫೈಲ್ ತೆಗೆದು ಲೆಕ್ಕ ಹೊಂದಿಸುವುದರಲ್ಲಿ ನಾಲ್ಕು ದಿನ ಹೋಯಿತು. 'ವಿ ಹ್ಯಾವ್ ನಾಟ್ ರಿಸೀವ್ಡ್ ದ ಪೇಮೆಂಟ್ ಯೆಟ್' ಅಂದಿದ್ದರೆ ಸಾಕಿತ್ತು.

ಧಾರವಾಡದಲ್ಲಿ ನಮ್ಮ ಓಣಿಯಲ್ಲಿ ರಿಟೈರ್ ಆದ ಇಂಗ್ಲಿಷ್ ಮಾಸ್ತರರೊಬ್ಬರಿದ್ದಾರೆ. ಒಂದು ವಾರದ ಇಮೇಲ್‌ಗಳ ಪ್ರಿಂಟ್ ತೆಗೆದುಕೊಂಡು ಅವರ ಹತ್ತಿರ ಹೋದೆ. ಅವರು ಕ್ರಿಯಾಪದ ಮುಟ್ಟಲೇ ಇಲ್ಲ. ಮಂಡೇ, ಯೆಸ್ಟರ್ಡೇ, ಲಾಸ್ಟ್ ವೀಕ್, ಇವಕ್ಕೆ ಮಾತ್ರ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು.

"ತಮ್ಮಾ, ನಿನ್ನೆ ಅಂದಮ್ಯಾಲೆ ಆ ದಿನದ ಬಾಗಲಾ ಹಾಕ್ಯದ. ಮತ್ತ ಹ್ಯಾವ್ ಯಾಕ ತರ್ತಿ?"

"ಕನ್ನಡದಾಗ ನಿನ್ನೆ ಕಳಿಸೇವಿ ಅಂತೀವಲ್ರಿ ಸರ್."

"ಅಂತೀವಿ, ಅದು ಸರಿನೂ ಅದ. ಇಂಗ್ಲಿಷ್‌ದವರು ಅನ್ನೂದಿಲ್ಲ."

ನನಗೆ ಕಣ್ಣು ತೆರೆದದ್ದು ಅಲ್ಲಿ. ನಮ್ಮ 'ಕಳಿಸಿದ್ದೇವೆ' ನಿನ್ನೆ, ಮೊನ್ನೆ, ಸೋಮವಾರ, ಯಾವುದರ ಜೊತೆಗೂ ಹೊಂದಿಕೊಳ್ಳುತ್ತದೆ. ಇಂಗ್ಲಿಷಿನ ಹ್ಯಾವ್ ಹೊಂದಿಕೊಳ್ಳುವುದಿಲ್ಲ. ಹಾಗಾಗಿ 'ಇದ್ದೇನೆ, ಇದ್ದೇವೆ' ಕಂಡ ಕಡೆಯೆಲ್ಲ ಹ್ಯಾವ್ ಹಾಕುವ ಅಭ್ಯಾಸ ಬಿಟ್ಟೆ. ಈಗ ಮೊದಲು ಕಾಲದ ಮಾತು ಹುಡುಕುತ್ತೇನೆ. ಯೆಸ್ಟರ್ಡೇ, ಆನ್ ಮಂಡೇ, ಟು ಡೇಸ್ ಅಗೋ ಇದ್ದರೆ, ಅಥವಾ ವೆನ್ ಅಂತ ಪ್ರಶ್ನೆ ಕೇಳಿದರೆ, ಸಾದಾ ಭೂತಕಾಲ, ಅಂದರೆ ಹ್ಯಾವ್ ಇಲ್ಲದ 'ವಿ ಡಿಸ್ಪ್ಯಾಚ್ಡ್'. ಯಾವಾಗ ಅಂತ ಹೇಳಿಯೇ ಇಲ್ಲದಿದ್ದರೆ, ಅಥವಾ ಆ ಕಾಲ ಇವತ್ತಿನವರೆಗೂ ಚಾಲ್ತಿಯಲ್ಲಿದ್ದರೆ, ಹ್ಯಾವ್.

ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದನ್ನೇ ತಗೊಳ್ಳಿ. ಉದ್ಘಾಟನೆ ಆದದ್ದು 2023ರ ಮಾರ್ಚಿನಲ್ಲಿ, ಹಾಗಾಗಿ 'ದೇ ಓಪನ್ಡ್ ಇಟ್ ಇನ್ 2023'. ನಾನು ಅದರ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಿದ್ದೇನೆ: 'ಐ ಹ್ಯಾವ್ ವಾಕ್ಡ್ ಇಟ್ ಟ್ವೈಸ್'. ಮೂರನೇ ಸಲ ನಡೆಯಬಹುದು, ಲೆಕ್ಕ ಇನ್ನೂ ಮುಗಿದಿಲ್ಲ. ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತು, ಅದಕ್ಕೆ 'ಹಿ ವನ್ ಇಟ್'. ಕನ್ನಡಕ್ಕೆ ಇದುವರೆಗೆ ಎಂಟು ಬಂದಿವೆ, ಅದಕ್ಕೆ 'ಹ್ಯಾವ್ ವನ್'. ಒಂಬತ್ತನೆಯದೂ ಬರಲಿ ಅಂತ ನನಗೆ ಆಸೆ ಇದೆ.

ಇನ್ನು ಕನ್ನಡವೇ ದಾರಿ ತೋರಿಸುವ ಒಂದು ಜಾಗ ಇದೆ, ಇದನ್ನು ನಾನೇ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಕಾಯುತ್ತಾ ಕಂಡುಕೊಂಡದ್ದು. ಸ್ಟಾಪಿನಲ್ಲಿ ನಿಂತು 'ಬಸ್ಸು ಇನ್ನೂ ಬಂದಿಲ್ಲ' ಅನ್ನುತ್ತೇವೆ. ಮಾರನೇ ದಿನ ಆಫೀಸಿನಲ್ಲಿ 'ನಿನ್ನೆ ಎಷ್ಟು ಕಾದರೂ ಬಸ್ಸೇ ಬರಲಿಲ್ಲ' ಅನ್ನುತ್ತೇವೆ. ಬಂದಿಲ್ಲ ಅಂದರೆ 'ಹ್ಯಾಸ್ ನಾಟ್ ಕಮ್', ಬರಲಿಲ್ಲ ಅಂದರೆ 'ಡಿಡ್ ನಾಟ್ ಕಮ್'. ಅನುಮಾನ ಬಂದರೆ ವಾಕ್ಯವನ್ನು 'ಇಲ್ಲ'ಕ್ಕೆ ತಿರುಗಿಸಿ ನೋಡುತ್ತೇನೆ, ಬಾಯಿಗೆ ಯಾವುದು ಸಹಜವಾಗಿ ಬರುತ್ತದೆ ಅಂತ. ಮಾತಿನಲ್ಲಿ ಒಮ್ಮೊಮ್ಮೆ ಇವೆರಡೂ ಕಲಸಿಹೋಗುತ್ತವೆ, ಆದರೂ ಬಹಳ ಸಲ ಇದು ಕೈ ಹಿಡಿದಿದೆ. ಆ ಪೇಮೆಂಟ್ ಇಮೇಲ್ ಬರೆಯುವಾಗ ಇದು ಗೊತ್ತಿದ್ದಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

'ಹಿಂದೆ' ಅನ್ನುವ ಪದದಲ್ಲಿ ಎಚ್ಚರ ಬೇಕು. 'ಎರಡು ವರ್ಷದ ಹಿಂದೆ ನೋಡಿದ್ದೇನೆ' ಅಂದರೆ ಅಗೋ, ಅಲ್ಲಿ 'ಐ ಸಾ'. ಸುಮ್ನೆ 'ಹಿಂದೆ ನೋಡಿದ್ದೇನೆ' ಅಂದರೆ ಬಿಫೋರ್, ಅಲ್ಲಿ 'ಹ್ಯಾವ್ ಸೀನ್'. 'ಇಂದ' ಇನ್ನೂ ಜಾಸ್ತಿ ಕಾಡುತ್ತದೆ. 2015ರಿಂದ, ಐದು ವರ್ಷದಿಂದ, ನಮಗೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತು ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ ಫಾರ್. ನಾವು 'ಇಲ್ಲಿ ಇದ್ದೇನೆ' ಅಂತ ವರ್ತಮಾನದಲ್ಲಿ ಹೇಳುವುದರಿಂದ 'ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಅಂತ ಬರೆದುಬಿಡುತ್ತೇವೆ, ಆಗಬೇಕಾದದ್ದು 'ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್'.

ಮಾಸ್ತರು ಇನ್ನೊಂದು ತೋರಿಸಿದರು. 'ಲಾಸ್ಟ್ ವೀಕ್' ಅಂದರೆ ಹೋದ ವಾರ, ಅದು ಮುಗಿದಿದೆ, ಅದಕ್ಕೆ ಸಾದಾ ಭೂತಕಾಲ. 'ಇನ್ ದ ಲಾಸ್ಟ್ ವೀಕ್' ಅಂದರೆ ಈ ಏಳು ದಿನದಲ್ಲಿ, ಇವತ್ತಿನವರೆಗೆ, ಅದಕ್ಕೆ ಹ್ಯಾವ್. ಎರಡು ಪುಟ್ಟ ಪದ ಸೇರಿದ್ದಕ್ಕೆ ಇಡೀ ವಾಕ್ಯ ಬದಲಾಗುತ್ತದೆ.

ಅಮೆರಿಕದ ಗಿರಾಕಿಗಳು ಜಸ್ಟ್, ಆಲ್ರೆಡಿ, ಯೆಟ್ ಜೊತೆಗೂ ಸಾದಾ ಭೂತಕಾಲ ಬರೆಯುತ್ತಾರೆ: 'ಡಿಡ್ ಯು ಶಿಪ್ ಇಟ್ ಯೆಟ್?' ಅದು ಅವರ ರೂಢಿ, ತಪ್ಪಲ್ಲ. ನಾನು ಮಾತ್ರ ಬ್ರಿಟಿಷ್ ಪದ್ಧತಿಯಲ್ಲೇ ಉತ್ತರ ಕೊಡುತ್ತೇನೆ.

'ದಿಸ್ ಮಾರ್ನಿಂಗ್' ಇದ್ದರೆ ಗಡಿಯಾರ ನೋಡಿಕೊಳ್ಳಬೇಕು. ಬೆಳಿಗ್ಗೆ ಹನ್ನೊಂದಕ್ಕೆ 'ಐ ಹ್ಯಾವ್ ಕಾಲ್ಡ್ ದ ಟ್ರಾನ್ಸ್‌ಪೋರ್ಟರ್ ಟ್ವೈಸ್ ದಿಸ್ ಮಾರ್ನಿಂಗ್' ಅಂತ ಬರೆದು ಡ್ರಾಫ್ಟಿನಲ್ಲಿ ಇಟ್ಟಿರುತ್ತೇನೆ. ಲಾರಿ ನಂಬರ್ ಸಿಗುವ ಹೊತ್ತಿಗೆ ಮಧ್ಯಾಹ್ನ ಮೂರು. ಅಷ್ಟರಲ್ಲಿ ಬೆಳಗು ಮುಗಿದಿರುತ್ತದೆ, ಹ್ಯಾವ್ ಅಳಿಸಿ 'ಐ ಕಾಲ್ಡ್' ಮಾಡಿಯೇ ಕಳಿಸುತ್ತೇನೆ.