ಬಿಎಂಐ ಸಂಖ್ಯೆಯನ್ನು ನಂಬುವ ಮುನ್ನ

ಆರೋಗ್ಯ ತಪಾಸಣೆಯ ವರದಿಯಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಸೂಚಿಸುವ ಸಂಖ್ಯೆ) 25 ದಾಟಿದೆಯೆಂದು ಗಾಬರಿಯಾಗುವವರೂ 22 ಇದೆಯೆಂದು ನಿಶ್ಚಿಂತರಾಗುವವರೂ ಆ ಸಂಖ್ಯೆ ಹೇಗೆ ಬಂತೆಂಬುದನ್ನು ಮೊದಲು ತಿಳಿದುಕೊಳ್ಳಬೇಕೆಂದು ನನ್ನ ವಿನಂತಿ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 70 ಕಿಲೋ ತೂಕ, 1.70 ಮೀಟರ್ ಎತ್ತರ ಇರುವವರಿಗೆ 70ನ್ನು 2.89ರಿಂದ ಭಾಗಿಸಿದಾಗ ಸುಮಾರು 24.2 ಬರುತ್ತದೆ. ವಯಸ್ಕರಲ್ಲಿ 18.5ರಿಂದ 24.9ರವರೆಗೆ ಸಾಮಾನ್ಯ, 30 ಮುಟ್ಟಿದರೆ ಬೊಜ್ಜು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ. ಏಷ್ಯಾದ ಜನರಲ್ಲಿ ಮಧುಮೇಹದ ಅಪಾಯ ಇನ್ನೂ ಕೆಳಗಿನ ಮಟ್ಟದಲ್ಲೇ ಹೆಚ್ಚುವುದರಿಂದ ಅವರು 23ರಿಂದಲೇ ಎಚ್ಚರ ವಹಿಸುವುದು ಒಳ್ಳೆಯದು.

ಈ ಸೂತ್ರವನ್ನು 19ನೆಯ ಶತಮಾನದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆತ್ಲೆ ವೈದ್ಯರಲ್ಲ, ಜನಸಮೂಹಗಳ ಸರಾಸರಿಯನ್ನು ಅಭ್ಯಸಿಸುತ್ತಿದ್ದ ಗಣಿತಜ್ಞ. ತೂಕದಲ್ಲಿ ಸ್ನಾಯುವೆಷ್ಟು, ಕೊಬ್ಬೆಷ್ಟು, ಆ ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರಿದೆಯೋ ಎಂಬುದನ್ನು ಅದು ಹೇಳಲಾರದು. ಹಾಗಾಗಿ ಭಾರ ಎತ್ತುವ ಕ್ರೀಡಾಪಟು ಬೊಜ್ಜಿನ ಪಟ್ಟಿಗೆ ಸೇರಬಹುದು; ಸ್ನಾಯು ಕರಗಿ ಕೊಬ್ಬು ಕೂಡಿದ ವೃದ್ಧರು, ತೂಕ ಬದಲಾಗದಿದ್ದರಿಂದ, ಸಾಮಾನ್ಯರೆಂದೇ ಕಾಣಬಹುದು. ನನಗೆ ಹೆಚ್ಚು ಆತಂಕವಿರುವುದು ಈ ಎರಡನೆಯವರ ಬಗ್ಗೆ. ಗರ್ಭಿಣಿಯರಿಗೆ ಈ ವಿಂಗಡಣೆ ಹೊಂದುವುದಿಲ್ಲ. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಬೇರೆಯೇ ಕೋಷ್ಟಕಗಳಿವೆ.

ಆದ್ದರಿಂದ ಜೊತೆಗೊಂದು ಅಳತೆ ಟೇಪನ್ನೂ ಬಳಸಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು, ಟೇಪು ಚರ್ಮವನ್ನು ಒತ್ತದಂತೆ ಸುತ್ತಿ ಅಳೆಯಿರಿ. ಆ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ, ಬಿಎಂಐ ಎಷ್ಟೇ ಇರಲಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ.