ಬಣ್ಣದೆಲೆಯ ಬಿಗೋನಿಯಾ: ನೀರು ಹಾಕುವ ಮೊದಲು ಕುಂಡ ಎತ್ತಿ ನೋಡಿ

'ವಿಜಯಪುರದ ಬಿಸಿಲಿಗೆ ಬಣ್ಣದೆಲೆಯ ರೆಕ್ಸ್ ಬಿಗೋನಿಯಾ ತಡೆಯುವುದಿಲ್ಲ' ಅನ್ನುವವರೇ ಜಾಸ್ತಿ. ಹಾಗೆ ಹೇಳಿದವರ ಮನೆಯಲ್ಲಿ ಸತ್ತ ಗಿಡವನ್ನು ಕಿತ್ತು ನೋಡಿದ್ದೇನೆ. ಬೇರು ಕೊಳೆತು ಕಪ್ಪಾಗಿರುತ್ತದೆ. ಬಿಸಿಲಲ್ಲ, ನೀರು ಕೊಂದಿರುತ್ತದೆ.

ಇದು ಅಸ್ಸಾಂ ಕಡೆಯ ಕಾಡಿನ ಗಿಡ. ಮರದ ನೆರಳು, ಹಸಿ ಗಾಳಿ, ಎಲೆ ಕೊಳೆತು ಆದ ಹಗುರ ಮಣ್ಣು ಅದರ ತವರು. ಅದಕ್ಕೇ ಮಾಳಿಗೆ ಮೇಲೆ ಇಡಬೇಡಿ. ಪೂರ್ವದ ಕಿಟಕಿಯಿಂದ ಎರಡು ಅಡಿ ಒಳಗೆ, ಬೆಳಕು ಬಂದು ಬಿಸಿಲು ಬೀಳದ ಕಡೆ ಇಡಿ.

ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಆಳ ಕಡಿಮೆ ಇರುವ ಅಗಲ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು ಕಲಸಿ. ಹೊಲದ ಎರೆಮಣ್ಣು ಒಂದು ಹಿಡಿಯೂ ಬೇಡ. ಅಗ್ಗದ ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪು ಇರುತ್ತದೆ, ನೆನೆಸಿ ಎರಡು ಸಲ ಹಿಂಡಿ ಚೆಲ್ಲಿ. ಅಡ್ಡ ಹರಿಯುವ ದಪ್ಪ ಕಾಂಡವನ್ನು ಹೂಳಬೇಡಿ, ಅರ್ಧ ಮೇಲೆ ಕಾಣುತ್ತಿರಲಿ.

ಈಗ ನೀರು. ಎಲ್ಲರೂ ತಪ್ಪುವುದು ಇಲ್ಲೇ. ಎಲೆ ಜೋತು ಬಿದ್ದರೆ ಬಾಯಾರಿದೆ ಎಂದು ಒಂದು ಚೊಂಬು ಸುರಿಯುತ್ತೇವೆ ಅಲ್ವಾ? ಆದರೆ ಬೇರು ಕೊಳೆತಾಗಲೂ ಎಲೆ ಹೀಗೇ ಜೋಲುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಮತ್ತೆ ನೀರು ಹಾಕಿದರೆ ಗಿಡ ಉಳಿಯುವುದಿಲ್ಲ. ಮೊದಲು ಬೆರಳು ಒಂದು ಗೆಣ್ಣಿನಷ್ಟು ಒಳಗೆ ಇಳಿಸಿ. ತಂಪು ತಾಗಿದರೆ ಬಿಟ್ಟುಬಿಡಿ. ಒಣಗಿದ್ದರೆ ಕುಂಡ ಎತ್ತಿ ನೋಡಿ. ಹಗುರ ಅನಿಸಿದರೆ ಮಾತ್ರ ಅಂಚಿನ ಸುತ್ತ ನಿಧಾನವಾಗಿ ಹಾಕಿ, ತಳದಿಂದ ಇಳಿಯುವವರೆಗೆ. ತಟ್ಟೆಯಲ್ಲಿ ನಿಂತ ನೀರು ಅರ್ಧ ಗಂಟೆಯೊಳಗೆ ಚೆಲ್ಲಬೇಕು. ವಾರಕ್ಕೆ ಎಷ್ಟು ಸಲ ಎಂದು ಲೆಕ್ಕ ಇಡಬೇಡಿ. ಮೇ ತಿಂಗಳ ಲೆಕ್ಕ ಡಿಸೆಂಬರಿಗೆ ಬರುವುದಿಲ್ಲ. ಬೆಳಗಾವಿಯ ನನ್ನ ತಂಗಿ ಜುಲೈ ಮಳೆಯಲ್ಲೂ ರೂಢಿಯಂತೆ ದಿನ ಬಿಟ್ಟು ದಿನ ಹಾಕಿ ಮೂರು ಗಿಡ ಕಳೆದುಕೊಂಡಳು.

ಬೋರ್‌ವೆಲ್ ನೀರು ಗಡಸಾಗಿದ್ದರೆ ಎಲೆಯ ಅಂಚು ಕಂದಾಗುತ್ತದೆ. ಮಳೆ ನೀರು ಹಿಡಿದಿಡಿ. ಫಿಲ್ಟರ್ ಯಂತ್ರ ಹೊರಗೆ ಬಿಡುವ ನೀರನ್ನು ವ್ಯರ್ಥವಾಗದಿರಲಿ ಎಂದು ಗಿಡಕ್ಕೆ ಹಾಕುವವರಿದ್ದಾರೆ. ಉಪ್ಪೆಲ್ಲ ಸೇರಿರುವುದು ಅದರಲ್ಲೇ. ಬಿಗೋನಿಯಾಕ್ಕೆ ಖಂಡಿತ ಬೇಡ.

ನಮ್ಮ ಒಣ ಗಾಳಿಗೆ ಎಲೆ ಮೇಲೆ ನೀರು ಚಿಮುಕಿಸುವುದು ಮದ್ದಲ್ಲ. ಎಲೆ ಹಸಿಯಾಗಿಯೇ ಉಳಿದರೆ ಚುಕ್ಕೆ ಬಿದ್ದು ಕೊಳೆಯುತ್ತದೆ. ಪರಾತದಲ್ಲಿ ಹರಳುಕಲ್ಲು ಹರಡಿ, ಹರಳು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡ ಇಡಿ. ಕೂಲರ್ ಇರುವ ಕೋಣೆ ಒಳ್ಳೆಯದು, ಗಾಳಿ ನೇರ ಬಡಿಯದಿರಲಿ. ಎಲೆಗೆ ಹೊಳಪು ಕೊಡುವ ಸ್ಪ್ರೇ ಕೊಳ್ಳಲೇಬೇಡಿ. ಧೂಳಿಗೆ ಮೆತ್ತನೆಯ ಒಣ ಬ್ರಷ್ ಸಾಕು.

ಬೇರು ಕೊಳೆತೇ ಹೋಗಿದ್ದರೂ ಒಂದು ಗಟ್ಟಿ ಎಲೆ ಉಳಿದಿದ್ದರೆ ಸಾಕು. ಎಲೆಯ ಹಿಂದಿನ ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಕೊಯ್ದು, ಹಸಿ ಉಸುಕಿನ ಮೇಲೆ ಅಂಗಾತ ಒತ್ತಿಡಿ. ಸ್ವೀಟ್ ಅಂಗಡಿಯ ಪಾರದರ್ಶಕ ಡಬ್ಬಿ ಮುಚ್ಚಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಆರರಿಂದ ಎಂಟು ವಾರದಲ್ಲಿ ಕೊಯ್ದ ಕಡೆ ಪುಟ್ಟ ಎಲೆಗಳು ಏಳುತ್ತವೆ.