ಬಾಲ್ ಸಿಕ್ಕ ಮೊದಲ ಮೂರು ಸೆಕೆಂಡ್: ಹುಡುಗಿಯರಿಗೆ ಲ್ಯಾಕ್ರೋಸ್ ಟ್ರಾನ್ಸಿಷನ್ ಕಲಿಸುವುದು ಹೇಗೆ?

ಕೀಪರ್ ಬಾಲ್ ತಡೆಯುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೋಚ್ ಸೀಟಿ ಊದುತ್ತಾರೆ. ಹುಡುಗಿಯರು ಸೊಂಟಕ್ಕೆ ಕೈ ಕೊಟ್ಟು ನಿಂತುಬಿಡುತ್ತಾರೆ. ಹೊಸದಾಗಿ ಲ್ಯಾಕ್ರೋಸ್ ಕಲಿಸುವ ಕಡೆ ನಾನು ಮತ್ತೆ ಮತ್ತೆ ನೋಡಿದ್ದು ಇದನ್ನೇ. ನಿಜವಾದ ಆಟ ಶುರುವಾಗುವ ಹೊತ್ತಿಗೆ ಅಭ್ಯಾಸ ನಿಂತಿರುತ್ತದೆ.

ಕೋಲಿನ ತುದಿಯ ಪುಟ್ಟ ಬಲೆಯಲ್ಲಿ ರಬ್ಬರ್ ಬಾಲ್ ಹಿಡಿದು, ಓಡಿ, ಎಸೆದು ಗೋಲು ಹೊಡೆಯುವ ಆಟ ಇದು. 1904 ಮತ್ತು 1908ರ ಒಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಆಡಿದ್ದರು. 2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಬರುತ್ತಿದೆ. ಆ ತೀರ್ಮಾನ ಆದದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲೇ. ಲಾಸ್ ಏಂಜಲೀಸ್‌ನಲ್ಲಿ ಆಡುವುದು ಸಿಕ್ಸಸ್ ಮಾದರಿ. ತಂಡಕ್ಕೆ 6 ಜನ, 70 ಮೀಟರ್ ಉದ್ದ 36 ಮೀಟರ್ ಅಗಲದ ಮೈದಾನ, 8 ನಿಮಿಷದ 4 ಕ್ವಾರ್ಟರ್. ಬಾಲ್ ಕೈಗೆ ಬಂದರೆ 30 ಸೆಕೆಂಡ್ ಒಳಗೆ ಗೋಲಿನತ್ತ ಹೊಡೆಯಬೇಕು. ಗೋಲು ಬಿದ್ದ ಮೇಲೂ ಬಾಲ್ ನಡು ಮೈದಾನಕ್ಕೆ ಹೋಗುವುದಿಲ್ಲ, ಕೀಪರ್ ಅಲ್ಲಿಂದಲೇ ಎತ್ತಿ ಕೊಡುತ್ತಾಳೆ. ಹಾಗಾಗಿ ಕಾಯುವವರು ತಟ್ಟನೆ ನುಗ್ಗುವವರಾಗುವುದು, ನುಗ್ಗಿದವರು ಕಾಯುವವರಾಗುವುದು ಇಡೀ ಆಟ ನಡೆದೇ ಇರುತ್ತದೆ. ಇದಕ್ಕೇ ಟ್ರಾನ್ಸಿಷನ್ ಅನ್ನುವುದು.

ಜಾಗ ಮತ್ತು ಸಾಮಾನು

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಇಳಿತದ ಹೊತ್ತಿಗೆ ಇಳಿಯಿರಿ. ನೀರು ಸರಿದ ಹಸಿ ಮರಳು ಗಟ್ಟಿ ಇರುತ್ತದೆ, ಕಾಲು ಹೂಳುವುದಿಲ್ಲ. ಒಣ ಮರಳಿನಲ್ಲಿ ಓಡಿಸಬೇಡಿ, ಪಾದದ ಗಂಟು ಉಳುಕುತ್ತದೆ. 40 ಹೆಜ್ಜೆ ಉದ್ದ, 20 ಹೆಜ್ಜೆ ಅಗಲ ಸಾಕು. ಗೆರೆಯನ್ನು ಸ್ಟಿಕ್ಕಿನ ಹಿಡಿಯಿಂದಲೇ ಎಳೆಯಿರಿ. ಒಂದು ಗೋಲು ಕಾಳಿ ನದಿ ಕಡೆ, ಇನ್ನೊಂದು ಬಂದರಿನ ಕಡೆ. ಆಗ ಇಳಿಬಿಸಿಲು ಯಾವ ಕೀಪರ್ ಕಣ್ಣಿಗೂ ನೇರವಾಗಿ ಹೊಡೆಯುವುದಿಲ್ಲ.

ಕಣ್ಣಿಗೆ ಗಾಗಲ್, ಬಾಯಿಗೆ ಮೌತ್‌ಗಾರ್ಡ್ ಇಲ್ಲದೆ ಯಾರನ್ನೂ ನಾನು ಇಳಿಸುವುದಿಲ್ಲ. ಟೆನಿಸ್ ಬಾಲ್ ಮೊದಲ ವಾರಕ್ಕೆ ಮಾತ್ರ. ಅದು 60 ಗ್ರಾಮ್ ಕೂಡ ತೂಗುವುದಿಲ್ಲ, ಲ್ಯಾಕ್ರೋಸ್ ಬಾಲ್ 140 ಗ್ರಾಮ್ ದಾಟುತ್ತದೆ. ಹಗುರ ಬಾಲಿನಲ್ಲಿ ಕಲಿತ ಕೈ ಭಾರದ ಬಾಲ್ ಬಂದಾಗ ಸೋಲುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಆಟಿಕೆ ಸೆಟ್ ಬೇಡವೇ ಬೇಡ. ನಾನು ತರಿಸಿದ್ದ ಒಂದು ಸೆಟ್ಟಿನ ಸ್ಟಿಕ್ ಎರಡನೇ ವಾರಕ್ಕೇ ತಲೆಯ ಹತ್ತಿರ ಬಿರುಕು ಬಿಟ್ಟಿತು. ಹತ್ತು ಆಟಿಕೆಗಿಂತ ನಾಲ್ಕು ಒಳ್ಳೆ ಸ್ಟಿಕ್ ಮೇಲು, ಸರದಿಯಲ್ಲಿ ಆಡಿಸಿ.

ಎಲ್ಲರೂ ಎಡವುವ ಹಂತ: ಮೊದಲ ಪಾಸ್

ಗೋಲಿನ ಮುಂದೆ ಮೂವರು ಹೊಡೆಯುವವರು, ಮೂವರು ಕಾಯುವವರು, ಒಬ್ಬ ಕೀಪರ್. ಹೊಡೆಯಲು ಹೇಳಿ. ಬಾಲ್ ತಡೆದ ಕೂಡಲೇ ಕಾಯುತ್ತಿದ್ದವರು ಎದುರು ಗೋಲಿನತ್ತ ಓಡಬೇಕು. ನಿಮ್ಮ ಸೀಟಿ ಜೇಬಿನಲ್ಲೇ ಇರಲಿ. ಒಂದು ಸಲ ಸೀಟಿ ಊದಿದಿರೋ, ಮುಂದೆ ಪ್ರತಿ ಸಲ ಅದಕ್ಕೇ ಕಾಯುತ್ತಾರೆ.

ನಮ್ಮ ಹುಡುಗಿಯರಲ್ಲಿ ಜಾಸ್ತಿ ಜನ ಥ್ರೋಬಾಲ್ ಆಡಿ ಬಂದವರು. ಥ್ರೋಬಾಲಿನಲ್ಲಿ ಹಿಡಿದವಳು ನಿಂತಲ್ಲೇ ನಿಂತು, ಮೂರು ಸೆಕೆಂಡಿನೊಳಗೆ ಎಸೆಯುತ್ತಾಳೆ. ಆ ರೂಢಿ ಇಲ್ಲಿಗೂ ಬರುತ್ತದೆ, ಬಾಲ್ ಸಿಕ್ಕ ತಕ್ಷಣ ಕಾಲು ನೆಟ್ಟುಬಿಡುತ್ತದೆ. ಉಳಿದವರು ಬಾಲ್ ಇದ್ದವಳ ಮುಖ ನೋಡುತ್ತಾ ನಿಲ್ಲುತ್ತಾರೆ. "ಅಕ್ಕೋರೇ, ಯಾರಿಗೆ ಕೊಡೂದು?" ಎಂದು ಕೀಪರ್ ಕೇಳಿದರೆ ತಪ್ಪು ಅವಳದ್ದಲ್ಲ. ಕೊಡಲಿಕ್ಕೆ ಯಾರೂ ಹೋಗಿ ನಿಂತಿಲ್ಲ, ಅಷ್ಟೇ.

ಅದಕ್ಕೇ ಬಾಲ್ ಇಲ್ಲದವರಿಂದ ಶುರು ಮಾಡಿ. ಸಮುದ್ರದ ಕಡೆಯ ಹುಡುಗಿ ಸಮುದ್ರದ ಗೆರೆಗೆ, ರಸ್ತೆ ಕಡೆಯವಳು ರಸ್ತೆಯ ಗೆರೆಗೆ ಓಡಬೇಕು. ಮೂರನೆಯವಳು ನೇರ ಮುಂದೆ, ದೂರಕ್ಕೆ. ಗೆರೆಗೆ ಓಡುವವಳ ದಾರಿ ಕುಡುಗೋಲಿನ ಹಾಗೆ ಬಾಗಿರಲಿ. ನೆಟ್ಟಗೆ ಓಡಿದರೆ ಕೀಪರ್‌ಗೆ ಬೆನ್ನು ಬೀಳುತ್ತದೆ, ಬಾಲ್ ಕಾಣುವುದಿಲ್ಲ. ಬಾಗಿ ಓಡಿದರೆ ಬೆನ್ನು ಗೆರೆಯ ಕಡೆ ಇರುತ್ತದೆ, ಒಂದೇ ನೋಟಕ್ಕೆ ಕೀಪರ್ ಕೂಡ ಕಾಣುತ್ತಾಳೆ, ಎದುರು ಗೋಲೂ ಕಾಣುತ್ತದೆ. ಸ್ಟಿಕ್ಕಿನ ತಲೆ ಗೆರೆ ಕಡೆಯ ಕಿವಿಯ ಹತ್ತಿರ ಇರಲಿ, ಅಲ್ಲಿಗೆ ಎದುರಾಳಿಯ ಸ್ಟಿಕ್ ಸುಲಭಕ್ಕೆ ಬರುವುದಿಲ್ಲ.

ಕೂಗು ಮುಖ್ಯ. ಎಡ, ಬಲ ಅಂತ ಕೂಗಿಸಬೇಡಿ. ಹುಡುಗಿ ತಿರುಗಿದ ಕೂಡಲೇ ಅವಳ ಎಡ ಬಲವಾಗುತ್ತದೆ. ನಮ್ಮಲ್ಲಿ "ಕಡಲು!" "ರಸ್ತೆ!" ಎಂದೇ ಕೂಗುತ್ತಾರೆ. ಎಷ್ಟು ತಿರುಗಿದರೂ ಕಡಲು ಇದ್ದಲ್ಲೇ ಇರುತ್ತದೆ ಅಲ್ವಾ? ಶಿರಸಿಯ ಮೈದಾನದಲ್ಲಿ ಆಡಿಸುವವರು ಒಂದು ಬದಿಯ ಮರ, ಇನ್ನೊಂದು ಬದಿಯ ಗೇಟು ಹಿಡಿದುಕೊಳ್ಳಿ.

ಈಗ ಕೀಪರ್. ಗೋಲಿನ ಸುತ್ತ ಎಳೆದ ಅವಳ ವೃತ್ತದೊಳಗೆ ಎದುರಾಳಿ ಕಾಲಿಡುವ ಹಾಗಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವಳಿಗೆ ಸಿಗುತ್ತದೆ, ಗಾಬರಿ ಬೇಡ. ನೋಡುವ ಕ್ರಮ ಹೀಗೆ: ಮೊದಲು ದೂರ, ಆಮೇಲೆ ಎರಡು ಗೆರೆ, ಎಲ್ಲೂ ದಾರಿ ಇಲ್ಲದಿದ್ದರೆ ಗೋಲಿನ ಹಿಂದೆ. ಗೋಲಿನ ಎದುರು ನಡುವಿಗೆ ಮಾತ್ರ ಎಸೆಯಲೇಬಾರದು. ಒಂದು ಪಂದ್ಯದಲ್ಲಿ ನಮ್ಮ ಕೀಪರ್ ಚೆಂದವಾಗಿ ತಡೆದು, ಅಲ್ಲೇ ನಡುವೆ ನಿಂತಿದ್ದ ಗೆಳತಿಗೆ ಎಸೆದಳು. ಎದುರಾಳಿ ಅರ್ಧದಲ್ಲೇ ಹಿಡಿದಳು. ಆರು ಅಡಿ ಎತ್ತರ, ಆರು ಅಡಿ ಅಗಲದ ಗೋಲು ಬಾಯಿ ತೆರೆದು ನಿಂತಿತ್ತು. ಆ ಕ್ರಮವನ್ನು ನಾನು ಮೊದಲೇ ಹೇಳಿಕೊಟ್ಟಿರಲಿಲ್ಲ.

ಎಸೆಯುವುದು ಓಡುವವಳ ಮೈಗಲ್ಲ, ಅವಳ ಸ್ಟಿಕ್ಕಿನಿಂದ ಎರಡು ಹೆಜ್ಜೆ ಮುಂದಕ್ಕೆ. ಸಂಜೆ ಕಡಲ ಗಾಳಿ ಎತ್ತರದ ಪಾಸನ್ನು ರಸ್ತೆ ಕಡೆ ತಳ್ಳುತ್ತದೆ. ಆ ಹೊತ್ತಿಗೆ ಪಾಸ್ ತಲೆಯ ಎತ್ತರ ಮೀರದಿರಲಿ. ಹಿಡಿದವಳು ನಿಲ್ಲದೆ ಇನ್ನೂ ಐದು ಹೆಜ್ಜೆ ಓಡಲೇಬೇಕು. ನಾನು ಹತ್ತಿರ ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ತಡೆದದ್ದರಿಂದ ಮೂರು ಎಣಿಸುವುದರೊಳಗೆ ಬಾಲ್ ಕೀಪರ್ ಕೈ ಬಿಟ್ಟಿರಬೇಕು.

ಎರಡು ವಾರ ಇಷ್ಟನ್ನೇ ಮಾಡಿಸಿ. ಬೇಜಾರಾಗುತ್ತದೆ ಅಂತಾರೆ, ಪರವಾಗಿಲ್ಲ. ಆರು ಸಲ ಆಡಿಸಿ, ಆಡಿದ್ದರ ಎರಡು ಪಟ್ಟು ಹೊತ್ತು ವಿರಾಮ ಕೊಡಿ. ದಣಿದ ಕಾಲಿಗೆ ಹೊಸ ಪಾಠ ಹತ್ತುವುದಿಲ್ಲ. ಸುಮ್ನೆ ಮೈದಾನಕ್ಕೆ ಹತ್ತು ಸುತ್ತು ಓಡಿಸಿ ಅದನ್ನೇ ಟ್ರಾನ್ಸಿಷನ್ ಅಭ್ಯಾಸ ಅನ್ನುವವರಿದ್ದಾರೆ. ದಮ್ಮು ಬರುತ್ತದೆ ನಿಜ, ಯಾವಾಗ ಎಲ್ಲಿಗೆ ಓಡಬೇಕೆಂಬುದು ಬರುವುದಿಲ್ಲ.

ಮೂವರು ಬಂದರು, ಕಾಯುವವರು ಇಬ್ಬರೇ

ಬಾಲ್ ಇದ್ದವಳು ಕಾಯುವವಳ ಮೇಲೆಯೇ ನೇರ ಹೋಗಲಿ. ಬೇಗ ಪಾಸ್ ಕೊಟ್ಟರೆ ಕಾಯುವವಳು ಇದ್ದಲ್ಲೇ ಇದ್ದು ಇಬ್ಬರನ್ನೂ ನೋಡಿಕೊಳ್ಳುತ್ತಾಳೆ. ತಡ ಮಾಡಿದರೆ ಅವಳ ಸ್ಟಿಕ್ ತಗಲಿ ಬಾಲ್ ಬೀಳುತ್ತದೆ. ಗುರುತು ಏನೆಂದರೆ ಅವಳ ಕಾಲು ನೋಡಿ. ಕಾಲಿನ ಬೆರಳು ನಿಮ್ಮತ್ತ ತಿರುಗಿ, ಹೆಜ್ಜೆ ಮುಂದೆ ಬಿತ್ತೋ, ಆಗಲೇ ಪಾಸ್. ಯಾರೂ ಎದುರಿಗೆ ಬರಲಿಲ್ಲವೋ, ತಾನೇ ಹೋಗಿ ಹೊಡೆಯಲಿ. ಬದಿಯ ಇಬ್ಬರು ಗೆರೆ ಹಿಡಿದೇ ಇರಬೇಕು, ಒಳಗೆ ಬಂದು ಗುಂಪು ಕಟ್ಟಬಾರದು.

ಬಾಲ್ ಕಳೆದುಕೊಂಡರೆ

ಬಾಲ್ ಹಿಂದೆ ಓಡಬೇಡಿ. ಹತ್ತಿರ ಇದ್ದವಳೊಬ್ಬಳು ಎದುರು ನಿಂತು ಅವರನ್ನು ತಡಮಾಡಿಸಲಿ, ಉಳಿದವರು ನಮ್ಮ ಗೋಲಿನ ನಡುವಿಗೆ. ಖೋಖೋ ಆಡಿದ ಹುಡುಗಿಯರು ಇದನ್ನು ಒಂದೇ ದಿನಕ್ಕೆ ಹಿಡಿದುಬಿಡುತ್ತಾರೆ.

ಮುಗಿದ ಮೇಲೆ ಸ್ಟಿಕ್‌ಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ನೇತುಹಾಕಿ. ಉಪ್ಪು ನೀರು ಕುಡಿದ ದಾರ ಸಡಿಲಾಗಿ ಬಲೆ ಜೋತುಬೀಳುತ್ತದೆ. ಹೆಣ್ಣುಮಕ್ಕಳ ಸ್ಟಿಕ್ಕಿನಲ್ಲಿ ಬಲೆ ಆಳವಾಗುವಂತಿಲ್ಲ. ಒಳಗಿಟ್ಟ ಬಾಲಿನ ನೆತ್ತಿ ಸ್ಟಿಕ್ಕಿನ ಅಂಚಿನ ಮೇಲೆ ಕಾಣಬೇಕು. ಮಳೆಗಾಲದಲ್ಲಂತೂ ಪ್ರತಿ ದಿನ ಬಾಲ್ ಇಟ್ಟು ನೋಡಿ, ಕಾಣದಿದ್ದರೆ ದಾರ ಬಿಗಿ ಮಾಡಿ.